ಇರುವೆ ಕರೆದ ಗುಳಿಗೆ

ಅಕ್ಕವ್ವಾ, ತಮ್ಮಣ್ಣಾ,

ಶಾಲೆ, ಕಾಲೇಜಿನ ಹಾಜರಿ ಪುಸ್ತಕದಲ್ಲಿ ನಿಮಗೆ ಬೇರೆ ಹೆಸರುಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ಸಾಕು, ಇದು ಮನೆಯೊಳಗಿನ ಮಾತು. ತಮ್ಮಣ್ಣನ ಹೋದ ವರ್ಷದ ಗಣಿತದ ನೋಟುಬುಕ್ಕಿನ ಹಿಂದೆ ಖಾಲಿ ಉಳಿದ ಹಾಳೆಗಳು ಸಿಕ್ಕವು. ಹತ್ತು ಗಂಟೆಗೆ ತಮ್ಮಣ್ಣನೂ ನಿಮ್ಮ ಅವ್ವನೂ ಹೊರಬಿದ್ದ ಮೇಲೆ ಸುರಪುರದ ಈ ಮನೆಯಲ್ಲಿ ಫ್ರಿಜ್ಜಿನ ಸದ್ದು ಒಂದೇ ಇರುತ್ತದೆ. ಆ ಹೊತ್ತಿನಲ್ಲಿ ಬಾಗಿಲ ಹಿಂದೆ ಕುಳಿತು ಬರೆಯುತ್ತಿದ್ದೇನೆ.

ನನ್ನ ಗಂಡನಿಗೆ, ನಿಮ್ಮ ಮುತ್ಯಾನಿಗೆ, ನಾನು ಒಂದು ತಿಂಗಳು ಡಾಕ್ಟರು ಬರೆದ ಗುಳಿಗೆ ಕೊಡಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ನಿಮ್ಮ ಅವ್ವನಿಗೂ ಗೊತ್ತಿಲ್ಲ. ಅದನ್ನು ಹೇಳಲು ಕುಳಿತಿದ್ದೇನೆ.

ನಾನು ದೋರನಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ಹಾಜರಿ ಕರೆದಾಗ ನನ್ನ ಬಾಯಿಂದ ಸದ್ದು ಬರುತ್ತಿರಲಿಲ್ಲ. ಎಷ್ಟೋ ದಿನ ಕುಳಿತಲ್ಲೇ ಕುಳಿತಿದ್ದರೂ ಪುಸ್ತಕದಲ್ಲಿ ಗೈರುಹಾಜರಾಗಿದ್ದೇನೆ. ಹೊರಗೆ ಹೋಗಬೇಕಾದರೆ ಕಿರುಬೆರಳು ಎತ್ತಿ ತೋರಿಸಬೇಕಿತ್ತು. ಅದಕ್ಕೂ ನಾಚಿಕೆ. ಒಮ್ಮೆ ತಡೆಯಲಾರದೆ ಕುಳಿತಲ್ಲೇ ಲಂಗ ಒದ್ದೆಯಾಯಿತು. ಆಮೇಲೆ ಎಂಟು ದಿನ ಶಾಲೆಗೆ ಹೋಗಲಿಲ್ಲ. ಇದನ್ನು ಓದಿ ನಗುತ್ತೀರಿ, ನಗಿರಿ. ಆದರೆ ಮುಂದಿನದಕ್ಕೂ ಇದಕ್ಕೂ ಸಂಬಂಧವಿದೆ.

ಮದುವೆಯಾಗಿ ನಾರಾಯಣಪುರಕ್ಕೆ ಹೋದೆ. ಮುತ್ಯಾನಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ನೌಕರಿ. ಗೇಟು ಎತ್ತುವುದು, ಇಳಿಸುವುದು, ಯಾವ ಊರಿಗೆ ಯಾವತ್ತು ನೀರು ಎಂದು ನೋಡುವುದು. ಎರಡು ಖೋಲಿಯ ಕ್ವಾರ್ಟರ್ಸ್, ಹಿಂದೆ ಒಂದು ಬೇವಿನ ಗಿಡ. ಅವರು ಮಾತುಗಾರರು. ಊಟಕ್ಕೆ ಕುಳಿತರೆ ಕಾಲುವೆಯದೇ ಕಥೆ, ನಾನು ಕೇಳುವುದು. ನಲವತ್ತು ವರ್ಷ ನಮ್ಮ ಸಂಸಾರ ನಡೆದದ್ದೇ ಹೀಗೆ.

ಒಮ್ಮೆ ಶಹಾಪುರದ ಕಡೆ ಯಾರದೋ ಹೊಲ ನೋಡಿ ಬಂದು ತುಂಬ ಬೇಜಾರಿನಲ್ಲಿದ್ದರು. ನೀರು ಸಿಕ್ಕಿತೆಂದು ವರ್ಷವಿಡೀ ನಿಲ್ಲಿಸಿ ನಿಲ್ಲಿಸಿ ನೆಲ ಸವಳಾಗಿತ್ತು. ಮಣ್ಣಿನ ಮೇಲೆ ಬಿಳಿ ಉಪ್ಪು ಎದ್ದಿತ್ತು.

"ಬೆಳಿ ನೀರಾಗೇ ನಿಂತದ, ಆದ್ರೂ ಬಾಡ್ಯಾದ," ಎಂದರು. "ನೀರು ಇಲ್ಲ ಅಂತಲ್ಲ. ಉಪ್ಪು ಬೇರಿನ ಬಾಯಿ ಕಟ್ಯಾದ."

"ಹಂಗಾದ್ರ ಏನು ಮಾಡಬೇಕ್ರಿ?" ಎಂದು ಕೇಳಿದೆ.

"ಏನು ಮಾಡೂದು? ಬಸಿಗಾಲುವಿ ತೋಡಿ ಉಪ್ಪು ಹೊರಗ ಹಾಕಬೇಕು. ಒಳಗ ತರಾಕ ಎಲ್ಲಾರೂ ಮುಂದ ಬರ್ತಾರ, ಹೊರಗ ಹಾಕಾಕ ಯಾರೂ ಬರಂಗಿಲ್ಲ."

ಆ ಮಾತು ನನ್ನ ತಲೆಯಲ್ಲಿ ಹಾಗೆಯೇ ಉಳಿಯಿತು. ಅದು ಮತ್ತೆ ಎಲ್ಲಿ ನೆನಪಾಯಿತೆಂದು ಆಮೇಲೆ ಹೇಳುತ್ತೇನೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ತಿಳಿಸಿದ್ದು ಇರುವೆಗಳು. ಆಗ ಹಳ್ಳಿಯಲ್ಲಿ ಬೆರಳು ಚುಚ್ಚಿ ನೋಡುವ ಮಷಿನ್ನು ಇರಲಿಲ್ಲ. ಅತ್ತೆ ಬಚ್ಚಲಿಗೆ ಹೋಗಿ ಬಂದ ಮೇಲೆ ಅಲ್ಲಿ ಕೆಂಪಿರುವೆ ಸಾಲು ಹಿಡಿಯುತ್ತಿದ್ದವು. ಓಣಿಯ ಹಿರಿಯ ಹೆಂಗಸೊಬ್ಬಳು ನೋಡಿ, "ಇರುವಿ ಬಂದಾವ ಅಂದ್ರ ಮೈಯಾಗ ಸಕ್ರಿ ಏರ್ಯಾದ," ಎಂದಳು. ವರ್ಷದೊಳಗೆ ಅತ್ತೆಯ ಕಾಲಿನ ಬೆರಳು ಕಪ್ಪಾಯಿತು. ಅವರ ಕೊನೆಯ ದಿನಗಳಲ್ಲಿ ಬಚ್ಚಲು ತೊಳೆಯುತ್ತಿದ್ದವಳು ನಾನು. ಆವತ್ತಿನಿಂದ ಬಚ್ಚಲಿನಲ್ಲಿ ಒಂದು ಇರುವೆ ಕಂಡರೂ ಹೆದರಿ, ಅದು ಎಲ್ಲಿಂದ ಬಂತೆಂದು ಹುಡುಕುತ್ತಿದ್ದೆ.

ಮುತ್ಯಾನಿಗೂ ಆ ಕಾಯಿಲೆ ಬಂತು. ನೌಕರಿ ಮುಗಿಸಿ ದೋರನಹಳ್ಳಿಗೆ ಬಂದು ನೆಲೆಸಿದ ಮೇಲೆ ಎದೆಯೂ ಸೋತಿತು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಯಾದಗಿರಿಯಲ್ಲಿ ಎದೆಯ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ಇದ್ದ ಗುಳಿಗೆಗಳ ಜೊತೆ ಒಂದು ಹೊಸ ಹಳದಿ ಗುಳಿಗೆ ಬರೆದರು.

"ಇದು ಸಕ್ರಿಗೂ ಆಗ್ತದ, ಹಾರ್ಟಿಗೂ ಆಗ್ತದ. ಇದರಿಂದ ಮೂತ್ರದಾಗ..." ಎಂದು ಶುರು ಮಾಡಿದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ. ಆಮೇಲೆ ಎದ್ದು ಹೊರಗೇ ಬಂದೆ. ಗಂಡಸು ಡಾಕ್ಟರು ಮುತ್ಯಾನ ಮುಂದೆ ನನ್ನನ್ನೂ ಕೂರಿಸಿಕೊಂಡು ಆ ಮಾತು ಹೇಳುತ್ತಿದ್ದಾರೆಂದರೆ ನಾನು ಎಲ್ಲಿ ನೋಡಲಿ? ನಲವತ್ತು ವರ್ಷದಲ್ಲಿ ನಾವು ಗಂಡ ಹೆಂಡತಿ ಆ ಪದ ಒಬ್ಬರಿಗೊಬ್ಬರು ಹೇಳಿದವರಲ್ಲ. ಬಸ್ಸಿನಲ್ಲಿ ಹೋಗುವಾಗ ಅವರು ಇಳಿಯಬೇಕಾದರೂ ನನಗೆ ಕಿರುಬೆರಳು ತೋರಿಸುತ್ತಿದ್ದರು.

ಹೊರಗೆ ಬಂದ ಮೇಲೆ ಕೇಳಿದೆ, "ಏನಂದ್ರು?"

"ಏನಿಲ್ಲ, ದಿನಾ ಮುಂಜಾನಿ ಒಂದು. ಸ್ವಚ್ಛ ಇರಬೇಕಂತ," ಎಂದರು. ಅವರ ಮುಖವೂ ಕೆಂಪಾಗಿತ್ತು.

ಅವರಿಗೆ ಡಾಕ್ಟರು ಎಲ್ಲ ಹೇಳಿದ್ದಿರಬೇಕು. ನನಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಕೇಳಲು ನನಗೆ ಬರಲಿಲ್ಲ.

ಹದಿನೈದು ದಿನಕ್ಕೆ ದಮ್ಮು ಕಡಿಮೆಯಾಯಿತು. ಓಣಿಯ ತುದಿಯ ಹೋಟೆಲಿಗೆ ಒಬ್ಬರೇ ನಡೆದು ಹೋಗಿ ಚಹಾ ಕುಡಿದು ಬಂದರು. ನನಗೂ ಕಾಗದದಲ್ಲಿ ಎರಡು ಭಜಿ ಕಟ್ಟಿಸಿಕೊಂಡು ಬಂದಿದ್ದರು. "ನೋಡು, ನಿನ್ನ ಮುದುಕ ಇನ್ನೂ ಗಟ್ಟಿ ಅದಾನ," ಎಂದರು. ಆ ಭಜಿ ತಿಂದು ಕೈ ತೊಳೆಯಲು ಬಚ್ಚಲಿಗೆ ಹೋದೆ. ಕಲ್ಲಿನ ಸಂದಿನಿಂದ ಮೋರಿಯ ಬಾಯಿಯವರೆಗೆ ಕೆಂಪಿರುವೆಗಳ ಸಾಲು. ನೂಲು ಹಾಕಿದ ಹಾಗಿತ್ತು.

ಅಲ್ಲೇ ಕುಕ್ಕರಿಸಿದೆ. ಅತ್ತೆಯ ಕಾಲು ಕಣ್ಣ ಮುಂದೆ ಬಂತು.

ಮಷಿನ್ನಿನಲ್ಲಿ ಸಕ್ಕರೆ ಕಡಿಮೆ ತೋರಿಸುತ್ತಿತ್ತು. ಮಷಿನ್ನು ಸುಳ್ಳು ಹೇಳಬಹುದು, ಇರುವೆಗೆ ಸುಳ್ಳು ಹೇಳಿ ಏನಾಗಬೇಕು ಎಂದುಕೊಂಡೆ. ಹಳೆಯ ಗುಳಿಗೆಗಳಿದ್ದಾಗ ಇರುವೆ ಇರಲಿಲ್ಲ, ಹೊಸದು ಶುರುವಾದ ಮೇಲೆ ಬಂದವು. ಅಂದರೆ ಈ ಹಳದಿ ಗುಳಿಗೆಯೇ ಕಾಯಿಲೆ ಏರಿಸುತ್ತಿದೆ. ನನ್ನ ಲೆಕ್ಕ ಇಷ್ಟೇ. ಡಾಕ್ಟರಿಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ಏನೆಂದು ಕೇಳುವುದು? ಯಾವ ಮಾತಿನಲ್ಲಿ ಕೇಳುವುದು?

ಅವರಿಗೆ ಗುಳಿಗೆ ಕೊಡುವವಳು ನಾನೇ. ದಿನಾ ಬೆಳಿಗ್ಗೆ ಪಟ್ಟಿಗಳಿಂದ ಬಿಡಿಸಿ ಸಣ್ಣ ಸ್ಟೀಲಿನ ಬಟ್ಟಲಲ್ಲಿ ಹಾಕಿ ಇಡುತ್ತಿದ್ದೆ. ಮನೆಯಲ್ಲಿ ಆಸ್ಪತ್ರೆಯವರು ಎಂದೋ ಕೊಟ್ಟಿದ್ದ ಶಕ್ತಿಗುಳಿಗೆ ಇತ್ತು, ಅದೂ ಹಳದಿ. ಮರುದಿನದಿಂದ ಬಟ್ಟಲಲ್ಲಿ ಅದನ್ನು ಹಾಕಿದೆ. ಡಾಕ್ಟರು ಕೊಟ್ಟದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ.

ಮುತ್ಯಾ ಬಟ್ಟಲು ನೋಡದೆ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಒಮ್ಮೆ ಹೇಳಿದೆ, "ಜರಾ ನೋಡಿ ತಗೋರಿ, ನಾ ಏನರ ತಪ್ಪು ಹಾಕಿದ್ರ?"

"ನೀ ಹಾಕಿದ್ದು ತಪ್ಪು ಆಗ್ತದೇನು? ಇಷ್ಟು ವರ್ಷ ನಿನ್ನ ಸಾರು ಕುಡದೂ ಬದುಕೇನಿ," ಎಂದು ನಕ್ಕರು.

ಐದಾರು ದಿನದಲ್ಲಿ ಇರುವೆ ಹೋದವು. ಬಚ್ಚಲು ಸ್ವಚ್ಛ. ನನಗಾದ ಸಂತೋಷ ಹೇಳಲಾರೆ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ನಾನೊಬ್ಬಳೇ ಅವರನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ದೇವರ ಮುಂದೆ ಹೆಚ್ಚಿಗೆ ಒಂದು ದೀಪ ಹಚ್ಚಿದೆ.

ತಿಂಗಳಾಗುವಷ್ಟರಲ್ಲಿ ಅವರ ಕಾಲು ಬಾತವು. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಹೋಟೆಲಿರಲಿ, ಹೊಸ್ತಿಲು ದಾಟುವುದೇ ಕಷ್ಟವಾಯಿತು. ಚಪ್ಪಲಿ ಹಿಡಿಸುತ್ತಿರಲಿಲ್ಲ. ಮತ್ತೆ ಯಾದಗಿರಿಗೆ ಹೋದೆವು. ನಿಮ್ಮ ಅವ್ವ ತಾನು ಕಲಿಸುವ ಶಾಲೆಗೆ ರಜೆ ಹಾಕಿ ಸುರಪುರದಿಂದ ಬಂದಿದ್ದಳು.

ಡಾಕ್ಟರು ಎದೆ ನೋಡಿ, ಕಾಲು ನೋಡಿ ಕೇಳಿದರು, "ಗುಳಿಗಿ ಎಲ್ಲಾ ತಗೊಳಾಕತ್ತೀರಿ?"

"ಹೌದ್ರಿ, ಒಂದೂ ತಪ್ಪಿಲ್ಲ," ಎಂದರು ಮುತ್ಯಾ. "ಇಕಿ ಅದಾಳಲ್ರಿ. ಸೂರ್ಯ ತಪ್ಪಿದ್ರೂ ಇಕಿ ತಪ್ಪಂಗಿಲ್ಲ."

ಡಾಕ್ಟರು ನನ್ನ ಕಡೆ ನೋಡಿ ನಕ್ಕರು. "ಹೌದೇನಮ್ಮ?" ಎಂದರು.

ಅಕ್ಕವ್ವಾ, ತಮ್ಮಣ್ಣಾ, ಆಗ ನಾನು ತಲೆ ಆಡಿಸಿದೆ. ಹೌದೆಂದು ಆಡಿಸಿದೆ. ಗುಳಿಗೆ ಬದಲಿಸಿದ್ದು ತಿಳಿಯದೆ ಮಾಡಿದ್ದು. ತಲೆ ಆಡಿಸಿದ್ದು ತಿಳಿದೇ ಮಾಡಿದ್ದು.

ಅವರು ನೀರಿಳಿಸುವ ಗುಳಿಗೆ ಹೆಚ್ಚು ಮಾಡಿದರು. ಮನೆಗೆ ಬಂದವಳೇ ಟ್ರಂಕು ತೆಗೆದು ಹಳದಿ ಗುಳಿಗೆಯನ್ನು ಬಟ್ಟಲಿಗೆ ಹಾಕತೊಡಗಿದೆ. ಗುಳಿಗೆಯ ಮೇಲಿನ ನಂಬಿಕೆಯಿಂದ ಅಲ್ಲ. ಡಾಕ್ಟರ ಮುಂದೆ ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ವಾರದೊಳಗೆ ಇರುವೆಗಳು ತಿರುಗಿ ಬಂದವು. ದಿನಾ ಅವರು ಏಳುವುದಕ್ಕಿಂತ ಮೊದಲೇ ಬಿಸಿನೀರು ಸುರಿದು ತೊಳೆಯುತ್ತಿದ್ದೆ. ಅವರಿಗೆ ಕಾಣಬಾರದು ಎಂದು.

ಸ್ವಲ್ಪ ಚೇತರಿಸಿಕೊಂಡರು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಭಜಿ ತಂದ ದಿನದಂಥ ದಿನ ಮತ್ತೆ ಬರಲಿಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಟ್ಟೆಯ ಮೇಲೆ ಕುಳಿತವರು ನೀರು ಕೇಳಿದರು. ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ನಿದ್ದೆ ಹತ್ತಿದೆ ಎಂದುಕೊಂಡು ನಾನು ತಂಬಿಗೆ ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದೆ, ಎಬ್ಬಿಸಬಾರದೆಂದು.

ಅವರು ಹೋದ ಮೂರನೆಯ ದಿನ ಬಚ್ಚಲಿಗೆ ಹೋದರೆ ಇರುವೆಗಳು ಇನ್ನೂ ಅದೇ ಸಾಲಿನಲ್ಲಿ ಓಡಾಡುತ್ತಿದ್ದವು. ನನಗೆ ಆಗ ಅನ್ನಿಸಿದ್ದು ಇದು: ಆ ಗುಳಿಗೆಯನ್ನು ತಿರುಗಿ ಕೊಟ್ಟು ನಾನೇ ಅವರನ್ನು ಕೊಂದೆ. ನಿಲ್ಲಿಸಿದಾಗ ನಿಲ್ಲಿಸಿಯೇ ಇರಬೇಕಿತ್ತು.

ಮೂರು ವರ್ಷ ಇದನ್ನು ಹೊತ್ತುಕೊಂಡು ಈ ಮನೆಯಲ್ಲಿ ನಿಮ್ಮ ನಡುವೆ ಇದ್ದೇನೆ. ನಿಮ್ಮ ಅವ್ವ ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಟಿವಿಯ ಮುಂದೆ ಎಲ್ಲರೂ ನಗುವಾಗ ನಾನೂ ನಗುತ್ತೇನೆ. ಅವಳು ಒಮ್ಮೊಮ್ಮೆ, "ಅಪ್ಪನ್ನ ನೀ ಛಲೋ ನೋಡ್ಕೊಂಡಿ ಅವ್ವ, ಬ್ಯಾರೆ ಯಾರಿಗೂ ಆಗ್ತಿರಲಿಲ್ಲ," ಎನ್ನುತ್ತಾಳೆ. ಆ ಮಾತು ಕೇಳಿದ ದಿನ ನನಗೆ ಊಟ ಸೇರುವುದಿಲ್ಲ.

ಹೋದ ತಿಂಗಳು ನಿಮ್ಮ ಅವ್ವನಿಗೆ ಶಾಲೆಯ ಮೆಟ್ಟಿಲು ಹತ್ತುವಾಗ ದಮ್ಮು ಬಂತಲ್ಲ. ಸಕ್ಕರೆ ಮೊದಲೇ ಇತ್ತು. ಯಾದಗಿರಿಗೆ ಹೋಗಿ ಬಂದು ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟಳು. ಅದೇ ಹಳದಿ. ಹತ್ತು ದಿನಕ್ಕೆ ಬಚ್ಚಲಿನಿಂದ ಕೂಗಿದಳು:

"ಅವ್ವಾ, ಏನಿದು, ಎಲ್ಲಿಂದ ಬಂದಾವ ಇಷ್ಟು ಇರುವಿ?"

ಅವರನ್ನು ಕಳೆದುಕೊಂಡೆ, ಇವಳನ್ನು ಕಳೆದುಕೊಳ್ಳುವುದಿಲ್ಲ ಎಂದು ಅಂದೇ ಆ ಪಟ್ಟಿಯನ್ನು ಎತ್ತಿ ನನ್ನ ದಿಂಬಿನ ಚೀಲದೊಳಗೆ ತುರುಕಿದೆ. ಅವಳು ಮೂರು ದಿನ ಹುಡುಕಿದಳು. ಶಾಲೆಯ ಗಡಿಬಿಡಿಯಲ್ಲಿ ಹೊಸದು ತರಲು ಆಗಲಿಲ್ಲ.

ಭಾನುವಾರ ಅಕ್ಕವ್ವ ಯಾದಗಿರಿಯ ಹಾಸ್ಟೆಲಿನಿಂದ ಬಂದಳು. ಅಕ್ಕವ್ವಾ, ನೀನು ನರ್ಸಿಂಗ್ ಓದುವವಳು, ಬಂದವಳೇ ಮನೆಯೆಲ್ಲ ಜಾಲಾಡಿದೆ.

"ಗುಳಿಗಿ ಎಲ್ಲಿ ಹೋಗ್ತಾವ? ಕಾಲು ಬಂದಾವೇನು ಅವಕ್ಕ?"

"ಇಲಿ ಒಯ್ದಿರಬೇಕು ಬಿಡು, ಅದಕ್ಕೂ ಸಕ್ರಿ ಬ್ಯಾನಿ ಬಂದಾದ," ಎಂದ ತಮ್ಮಣ್ಣ.

"ನಿನ್ನ ತಲಿ. ಅವ್ವಂದು ಹಾರ್ಟ್ ಸೋತದೋ, ಚಾಷ್ಟಿ ಮಾಡ್ತಿ?"

ನಿನ್ನ ದನಿಯಲ್ಲಿ ಹೆದರಿಕೆ ಇತ್ತು. ನಾನು ಅದುವರೆಗೂ ಗುಳಿಗೆ ಇದ್ದರೆ ಹೆದರುತ್ತಿದ್ದೆ, ನೀನು ಇಲ್ಲವೆಂದು ಹೆದರುತ್ತಿದ್ದೆ. ಅದನ್ನು ನೋಡಿ ನನಗೆ ಮೊದಲ ಸಲ ಅನುಮಾನ ಬಂತು. ತಮ್ಮಣ್ಣ ಆಟಕ್ಕೆ ಹೋದ ಮೇಲೆ ನಿನ್ನ ಪಕ್ಕದಲ್ಲಿ ಕುಳಿತು ಕೇಳಿದೆ. ಕಿರುಬೆರಳು ಎತ್ತಿ ತೋರಿಸಿ, "ಇದಕ್ಕ ಹೋದಾಗ ಇರುವಿ ಯಾಕ ಬರ್ತಾವ?" ಎಂದೆ. ನೀನು ನಗಲಿಲ್ಲ, ಅದಕ್ಕೆ ನಾನು ನಿನಗೆ ಋಣಿ.

"ಆಯಿ, ಮೂತ್ರಪಿಂಡ ರಕ್ತ ಸೋಸ್ತದ. ಸೋಸಿದ ನೀರಿನಾಗ ಸಕ್ರಿನೂ ಬಂದಿರ್ತದ. ಅದನ್ನ ಹೊರಗ ಬಿಡಂಗಿಲ್ಲ, ತಿರುಗಿ ರಕ್ತಕ್ಕ ಎಳಕೋತದ. ಅದಕ್ಕೊಂದು ಬಾಗಿಲ ಅದ. ಆ ಬಾಗಿಲದಾಗ ಸಕ್ರಿ ಒಂದೇ ಬರಂಗಿಲ್ಲ, ಸೋಡಿಯಂ ಕೈ ಹಿಡ್ಕೊಂಡೇ ಬರಬೇಕು."

"ಸೋಡಿಯಂ ಅಂದ್ರ?"

"ಉಪ್ಪಿನಾಗ ಇರೂದು. ನೀ ನಮಗ ವಾಂತಿ ಭೇದಿ ಆದಾಗ ಉಪ್ಪು ಸಕ್ರಿ ನೀರು ಕುಡಸ್ತಿದ್ದಿ ನೋಡು, ಹೊಟ್ಟಿಯಾಗೂ ಹಂಗೇ, ಎರಡೂ ಜೋಡಿ ಇದ್ರ ಲಗೂನ ಒಳಗ ಹೋಗ್ತಾವ. ಈ ಹಳದಿ ಗುಳಿಗಿ ಮೂತ್ರಪಿಂಡದ ಆ ಬಾಗಿಲ ಮುಚ್ತದ. ಸಕ್ರಿ ಹೊರಗ ಹೋಗ್ತದ, ಜೋಡಿ ಜರಾ ಉಪ್ಪೂ ಹೋಗ್ತದ. ಇರುವಿ ಬಂದಾವ ಅಂದ್ರ ಗುಳಿಗಿ ಕೆಲಸ ಮಾಡಾಕತ್ತದ ಅಂತ."

ನೀನು ಪಾಠ ಒಪ್ಪಿಸುವ ಉತ್ಸಾಹದಲ್ಲಿದ್ದೆ.

"ಇನ್ನೊಂದು ಅದ ಆಯಿ. ಸೋತ ಗುಂಡಿಗಿಯ ಜೀವಕೋಶದಾಗ ಸೋಡಿಯಂ ಜಾಸ್ತಿ ಕೂಡ್ತದ. ಪ್ರತಿ ಕೋಶದೊಳಗೂ ಮೈಟೊಕಾಂಡ್ರಿಯಾ ಅಂತ ಇರ್ತಾವ. ಒಲಿ ಅಂತ ತಿಳ್ಕೋ. ಸಕ್ರಿ, ಕೊಬ್ಬು ಉರಿಸಿ ಶಕ್ತಿ ಮಾಡೂದು ಅವೇ. ಆ ಒಲಿ ಚುರುಕಾಗಿ ಉರಿಯಾಕ ಜರಾ ಕ್ಯಾಲ್ಸಿಯಂ ಬೇಕು. ಸೋಡಿಯಂ ಹೆಚ್ಚಾದ್ರ ಆ ಕ್ಯಾಲ್ಸಿಯಂ ಒಲಿ ಬಿಟ್ಟು ಹೊರಗ ಬರ್ತದ. ಆಗ ಒಲಿ ಮಂದ ಆಗ್ತದ. ಉರಿಸಾಕ ಬೇಕಾದ್ದು ಎದುರಿಗೇ ಇದ್ರೂ ಗುಂಡಿಗಿಗೆ ಶಕ್ತಿ ಸಾಲಂಗಿಲ್ಲ."

ಆಗ ಮುತ್ಯಾನ ಮಾತು ನೆನಪಾಯಿತು. ನೀರಿನಲ್ಲೇ ನಿಂತು ಬಾಡಿದ ಬೆಳೆ.

"ಈ ಗುಳಿಗಿ ಆ ಸೋಡಿಯಂ ಇಳಸ್ತದೇನು?" ಎಂದೆ.

"ಇಳಸ್ತದ ಅಂತಾರ. ಗುಂಡಿಗಿಯಾಗ ಹೆಂಗ ಅಂತ ಇನ್ನೂ ವಾದ ನಡದದ, ಎಲ್ಲಾ ಗೊತ್ತಾಗಿಲ್ಲ ಅಂತ ನಮ್ಮ ಮೇಡಂ ಹೇಳಿದ್ರು. ಆದ್ರ ಇದನ್ನ ತಗೊಂಡವರಿಗೆ ದಮ್ಮು ಕಮ್ಮಿ ಆಗೂದು ಖರೇ."

"ಊರಾಗ ಒಬ್ಬಾಕಿ," ಎಂದೆ, "ಇರುವಿ ನೋಡಿ ಅಂಜಿ ಗಂಡಗ ತಿಂಗಳ ತನಕ ಕೊಡಲಿಲ್ಲ."

"ಹುಚ್ಚಿ ಅದಾಳೇನು ಆಕಿ? ಏನಾತು ಅವರಿಗೆ?"

"ಕಾಲು ಬಾತವು. ಡಾಕ್ಟರ್ ಕೇಳಿದ್ರ ಎಲ್ಲಾ ಕೊಟ್ಟೀನಿ ಅಂದ್ಲು. ಮುಂದ ಮತ್ತ ಶುರು ಮಾಡಿದ್ಲು. ಕೆಲವು ತಿಂಗಳಿಗೆ ಹೋದ್ರು."

"ಅದರಿಂದನೇ ಹೋದ್ರು ಅಂತ ಹೇಳಾಕ ಬರಂಗಿಲ್ಲ ಆಯಿ. ಸೋತ ಗುಂಡಿಗಿ ಹೆಂಗೂ ಸೋತದ್ದೇ. ಕಾಲು ಬಾತದ್ದು ಬಿಟ್ಟಿದ್ದಕ್ಕ ಇರಬಹುದು. ಆದ್ರ ಡಾಕ್ಟರ್ ಕೇಳಿದಾಗಾದ್ರೂ ಆಕಿ ಹೇಳಬೇಕಿತ್ತು."

ಆಕೆ ನಾನು, ಅಕ್ಕವ್ವಾ. ಆವತ್ತು ಹೇಳಲಾಗಲಿಲ್ಲ.

ಮೂರು ವರ್ಷ ನಾನು ಹೊತ್ತದ್ದು ನನ್ನದಲ್ಲದ ತಪ್ಪು. ತಿರುಗಿ ಕೊಟ್ಟದ್ದು ಸರಿಯಾಗಿತ್ತು. ಅದನ್ನು ಇಳಿಸುವ ಮೊದಲೇ ನನ್ನ ಸ್ವಂತ ತಪ್ಪು ಬಂದು ಅದೇ ಜಾಗದಲ್ಲಿ ಕುಳಿತಿತು. ಹೋಟೆಲಿಗೆ ನಡೆದು ಹೋಗುತ್ತಿದ್ದ ಮನುಷ್ಯನನ್ನು ನಾನೇ ಹೊಸ್ತಿಲ ಒಳಗೆ ಕೂರಿಸಿದೆ.

ನಾನು ಎದ್ದು ಹೋಗಿ ದಿಂಬಿನಿಂದ ಪಟ್ಟಿ ತಂದೆ. "ಇಲ್ಲೇ ಇತ್ತು ನೋಡು, ದಿಂಬಿನಾಗ," ಎಂದೆ. ನೀನು ನನ್ನ ಮುಖ ನೋಡಿದೆ. ಹೇಗೆ ಅಲ್ಲಿಗೆ ಹೋಯಿತೆಂದು ಕೇಳಲಿಲ್ಲ. ನಿನಗೆ ಅರ್ಥವಾಗಿತ್ತೋ ಏನೋ.

ಮರುದಿನದಿಂದ ನಿಮ್ಮ ಅವ್ವನಿಗೆ ಆ ಗುಳಿಗೆ ಕೊಡುವ ಕೆಲಸ ನನ್ನದು. ಪಟ್ಟಿಯನ್ನು ಅವಳ ಕಣ್ಣ ಮುಂದೆಯೇ ಒಡೆಯುತ್ತೇನೆ. ಬಟ್ಟಲಿಗೆ ಹಾಕುವುದಿಲ್ಲ. ಈಗ ಬೆಳಿಗ್ಗೆ ಬಚ್ಚಲಿಗೆ ಹೋದರೆ ಮೊದಲು ಕಲ್ಲಿನ ಸಂದು ನೋಡುತ್ತೇನೆ. ಸಾಲು ಕಂಡರೆ ನೀರು ಹಾಕಿ ತೊಳೆದು ಸಮಾಧಾನದಿಂದ ಬರುತ್ತೇನೆ. ಕಾಣದಿದ್ದ ದಿನ, "ನಿನ್ನೆ ಗುಳಿಗಿ ನುಂಗಿದೇನವ್ವ?" ಎಂದು ಕೇಳುತ್ತೇನೆ. ಅವಳಿಗೆ ನಗು. ಈ ಇರುವೆಗಳ ಜೊತೆ ನನಗೆ ಯಾವ ಸಂಬಂಧವೆಂದು ಅವಳಿಗೆ ಗೊತ್ತಿಲ್ಲ.

ಅವಳಿಗೆ ಗೊತ್ತಾಗಬೇಕು. ಅವರು ಅವಳ ಅಪ್ಪ. ಎದುರಿಗೆ ಕುಳಿತು ಹೇಳಲು ಎರಡು ಸಲ ಹೋದೆ. ಹಾಜರಿ ಕರೆದಾಗ ಆಗುತ್ತಿದ್ದ ಹಾಗೆಯೇ ಆಯಿತು. ಆದ್ದರಿಂದ ಅಕ್ಕವ್ವಾ, ಮೊದಲು ನೀನು ಓದು, ಆಮೇಲೆ ಅವಳ ಪಕ್ಕದಲ್ಲಿ ಕುಳಿತು ಓದಿ ಹೇಳು. ನಾನು ಒಳಗಿನ ಖೋಲಿಯಲ್ಲಿ ಇರುತ್ತೇನೆ. ಅವಳು ಕರೆದರೆ ಬರುತ್ತೇನೆ. ಕರೆಯದಿದ್ದರೂ ಅವಳ ತಪ್ಪಲ್ಲ. ಮುಂದೆ ನೀನು ದವಾಖಾನೆಯಲ್ಲಿ ಕೆಲಸಕ್ಕೆ ನಿಂತಾಗ, ಯಾರಾದರೂ ಮುದುಕಿ ಗೋಡೆಯ ಕಡೆ ಮುಖ ಮಾಡಿ ನಿಂತರೆ, ಹೊರಗೆ ಕರೆದುಕೊಂಡು ಹೋಗಿ ಅದೇ ಮಾತನ್ನು ಇನ್ನೊಮ್ಮೆ ಹೇಳು. ಅಷ್ಟು ಸಾಕು.

ತಮ್ಮಣ್ಣಾ, ಈ ಕಾಯಿಲೆ ನಮ್ಮ ರಕ್ತದಲ್ಲಿದೆ. ನಿಮ್ಮ ಕಾಲಕ್ಕೂ ಯಾರಿಗಾದರೂ ಬಂದೀತು. ಈ ಹಾಳೆಗಳನ್ನು ಹರಿದು ವಿಮಾನ ಮಾಡಬೇಡ. ಟ್ರಂಕಿನಲ್ಲಿ ಸೀರೆಯ ಕೆಳಗೂ ಇಡಬೇಡಿ, ಅಲ್ಲಿ ಇಟ್ಟದ್ದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಗುಳಿಗೆ ಇಡುವ ಡಬ್ಬಿ ಇದೆಯಲ್ಲ, ಅದರ ತಳದಲ್ಲಿ ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಡಿ. ಗುಳಿಗೆ ಹುಡುಕುವವರ ಕೈಗೆ ಇವೂ ಸಿಗಲಿ.